ಲೂಟಿ, ಕೊಳ್ಳೆ, ಸೂರೆ: ಫ್ರೆಂಚಿನಲ್ಲಿ ಒಂದೇ ಪದ ಸಾಕೇ?

ಬದಿಯಡ್ಕದ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮಗಳು ಕಾಲೇಜಿನಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ಕಲಿಯುತ್ತಿದ್ದಾಳೆ. ಊರಿನಲ್ಲಿ ನಡೆದ ‘ವಿರಾಟಪರ್ವ’ದ ಯಕ್ಷಗಾನ ಆಟದ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು, ಅದನ್ನು ಫ್ರೆಂಚಿಗೆ ತರಲು ಹೊರಟಿದ್ದಾಳೆ. ಸಿಕ್ಕಿಹಾಕಿಕೊಂಡದ್ದು ಮೂರು ಕಡೆ. ‘ಚೌಕಿಯ ಹತ್ತಿರ ಮಕ್ಕಳು ಲೂಟಿ ಮಾಡುತ್ತಿದ್ದರು.’ (ಚೌಕಿ ಅಂದರೆ ವೇಷಧಾರಿಗಳು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ.) ‘ಕೌರವರು ವಿರಾಟನ ದನಗಳನ್ನು ಕೊಳ್ಳೆ ಹೊಡೆದರು.’ ‘ಆಟ ನೋಡುಗರ ಮನಸೂರೆಗೊಂಡಿತು.’ ಮೊಬೈಲಿನಲ್ಲಿ ಹುಡುಕಿದರೆ ಮೂರಕ್ಕೂ ‘ಪಿಯಾಝ್’ (ದೋಚುವುದು) ಅಂತಲೇ ಬರುತ್ತಿದೆ. ‘ಈ ಪದಗಳೆಲ್ಲ ಒಂದೇನಾ? ಎಲ್ಲಿಂದ ಬಂದವು? ಫ್ರೆಂಚಿನಲ್ಲಿ ಏನು ಬರೆಯಬೇಕು?’ ಇದು ನಿಮ್ಮ ಪ್ರಶ್ನೆ.

ಒಂದಲ್ಲ. ಮೂರಕ್ಕೂ ಬೇರೆ ಬೇರೆ ಪದವೇ ಬೇಕು.

ಲೂಟಿಯಿಂದ ಶುರು ಮಾಡೋಣ. ಮಗಳು ಬರೆದದ್ದು ನಮ್ಮ ಕಡೆಯ ಲೂಟಿ. ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಹಾಗೆಯೇ ಮಂಗಳೂರು, ಪುತ್ತೂರಿನ ಕಡೆಯೂ, ಲೂಟಿ ಅಂದರೆ ಮಕ್ಕಳ ತುಂಟಾಟ. ‘ಅವ ಭಾರೀ ಲೂಟಿ’ ಅಂದರೆ ಅವನು ಯಾರ ಮನೆಯನ್ನೂ ದೋಚಿಲ್ಲ. ಹಲಸಿನ ಮರ ಹತ್ತಿರಬಹುದು, ಅಷ್ಟೆ. ತುಳುವಿನಲ್ಲೂ ‘ಲೂಟಿ ಮಲ್ಪೊಡ್ಚಿ’ ಅಂತ ಮಕ್ಕಳನ್ನು ಗದರಿಸುತ್ತಾರೆ. ಇದು ತಪ್ಪು ಕನ್ನಡ, ಪುಸ್ತಕದಲ್ಲಿ ಬರೆಯಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟು ಮನೆಗಳಲ್ಲಿ ದಿನಾ ಆಡುವ ಮಾತು ಅದು ಹೇಗೆ ತಪ್ಪಾಗುತ್ತದೆ? ಮಗಳು ಅದನ್ನು ತೆಗೆಯುವುದು ಬೇಡ. ಫ್ರೆಂಚಿನಲ್ಲಿ ಇದಕ್ಕೆ ‘ಫೇರ್ ದೇ ಬೆತೀಝ್’ ಅನ್ನುತ್ತಾರೆ. ಅಲ್ಲಿಯ ಅಮ್ಮಂದಿರು ಮಕ್ಕಳನ್ನು ಗದರಿಸುವ ಮಾತೂ ಅದೇ. ಇಲ್ಲಿ ಪಿಯಾಝ್ ಹಾಕಿದರೆ, ಮಕ್ಕಳು ಚೌಕಿಗೆ ನುಗ್ಗಿ ಕಿರೀಟ, ಭುಜಕೀರ್ತಿ ಎಲ್ಲ ಹೊತ್ತುಕೊಂಡು ಹೋದರು ಅಂತಾಗುತ್ತದೆ.

ಬೇರೆ ಕಡೆಯ ಲೂಟಿ ನಿಜವಾದ ಲೂಟಿಯೇ. ಹಿಂದಿ, ಮರಾಠಿಯ ‘ಲೂಟ್’ ಅದರ ಒಡಹುಟ್ಟು. ಹಿಂದೆ ಹೋದರೆ ಸಂಸ್ಕೃತದ ‘ಲುಂಟ್’, ‘ಲುಂಠ್’ ಧಾತುಗಳು ಸಿಗುತ್ತವೆ. ಕಂಪನಿಯ ಸಿಪಾಯಿಗಳು, ಅಧಿಕಾರಿಗಳು ಈ ಪದವನ್ನು ಇಲ್ಲಿ ಕೇಳಿ ಇಂಗ್ಲಿಷಿಗೆ ಒಯ್ದರು. 19ನೇ ಶತಮಾನದ ಯುದ್ಧಗಳಲ್ಲಿ ಅದು ಅಲ್ಲಿ ಚೆನ್ನಾಗಿ ಬೇರೂರಿತು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಒಟ್ಟಿಗೆ ಬೀಜಿಂಗ್ ಹತ್ತಿರದ ಬೇಸಿಗೆ ಅರಮನೆಯನ್ನು ದೋಚಿದವು. ಆಮೇಲೆ ಬ್ರಿಟಿಷರು ಅದಕ್ಕೆ ಬೆಂಕಿ ಇಟ್ಟರು. ಅಲ್ಲಿಂದ ತಂದ ಒಂದು ಪುಟ್ಟ ನಾಯಿಯನ್ನು ವಿಕ್ಟೋರಿಯಾ ರಾಣಿಗೆ ಕೊಟ್ಟರು. ಆ ನಾಯಿಗೆ ಇಟ್ಟ ಹೆಸರೇ ‘ಲೂಟಿ’. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ನೆಲದ ಪದ, ಇನ್ನೊಬ್ಬರ ಮನೆ ಸುಟ್ಟ ನೆನಪಿಗೆ ಮುದ್ದಿನ ಹೆಸರಾಯಿತು.

ಫ್ರೆಂಚರು ಲೂಟ್ ಪದವನ್ನು ಹೀಗೆ ಮನೆಮಾತು ಮಾಡಿಕೊಳ್ಳಲಿಲ್ಲ. ಅವರಲ್ಲಿ ಹಳೆಯ ಪದಗಳು ಬೇಕಾದಷ್ಟಿದ್ದವು. ಅದೇ ಅರಮನೆಯ ಬಗ್ಗೆ 1861ರ ನವೆಂಬರಿನಲ್ಲಿ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ ಬರೆದ ಪತ್ರವನ್ನು ಮಗಳಿಗೆ ಓದಲು ಹೇಳಿ. ಇಬ್ಬರು ಡಕಾಯಿತರು ಅರಮನೆಗೆ ನುಗ್ಗಿದರು, ಒಬ್ಬ ದೋಚಿದ, ಇನ್ನೊಬ್ಬ ಸುಟ್ಟ ಎನ್ನುತ್ತಾನೆ. ಚರಿತ್ರೆಯಲ್ಲಿ ಒಬ್ಬನ ಹೆಸರು ಫ್ರಾನ್ಸ್, ಇನ್ನೊಬ್ಬನದು ಇಂಗ್ಲೆಂಡ್ ಎಂದಾಗುತ್ತದೆ ಅಂತ ತನ್ನ ದೇಶವನ್ನೂ ಬಿಡದೆ ಹೇಳುತ್ತಾನೆ. ನಿಮಗೆ ಬೇಕಾದ ಪದಗಳು ಆ ಒಂದೇ ಪತ್ರದಲ್ಲಿವೆ. ದೋಚುವ ಕೆಲಸಕ್ಕೆ ‘ಪಿಯೇ’. ಹೊತ್ತು ತಂದ ಮಾಲಿಗೆ ‘ಬ್ಯುತ್ಯಾಂ’. ಕಳೆದುಕೊಂಡ ಚೀನಾಕ್ಕೆ ‘ಸ್ಪೊಲಿಯೇ’. ಆ ಮಾಲನ್ನು ಫ್ರಾನ್ಸ್ ಒಂದು ದಿನ ವಾಪಸ್ ಕೊಡಲಿ ಅಂತ ಅವನ ಆಸೆ. (ಪಿಯೇ ಪದವನ್ನು ಬರೆಯುವಾಗ ಎರಡು ‘ಎಲ್’ ಬರುತ್ತವೆ. ಅದನ್ನು ನೋಡಿ ಪಿಲ್ಲೇ ಅಂತ ಓದಬಾರದು, ಅಲ್ಲಿ ಬರುವುದು ಯಕಾರ.)

ಈ ‘ಸ್ಪೊಲಿಯೇ’ ನನಗೆ ಬಹಳ ಇಷ್ಟವಾದ ಪದ. ಅದರ ಲ್ಯಾಟಿನ್ ಮೂಲಕ್ಕೆ ಪ್ರಾಣಿಯ ಮೈಯಿಂದ ಕಿತ್ತ ಚರ್ಮ ಎಂಬ ಅರ್ಥವಿದೆ. ಆಮೇಲೆ, ಬಿದ್ದ ಶತ್ರುವಿನ ಮೈಯಿಂದ ಕಳಚಿದ ಆಯುಧ ಎಂದಾಯಿತು. ನಮ್ಮ ‘ಸುಲಿಗೆ’ ನೋಡಿ. ಸುಲಿ ಎಂಬುದರಿಂದಲೇ ಬಂದದ್ದು. ಅಡಿಕೆ ಸುಲಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ಯೋಚಿಸಿವೆ. ಎರಡನೇ ಮಹಾಯುದ್ಧದಲ್ಲಿ ಯಹೂದಿಗಳ ಮನೆ, ಅಂಗಡಿ, ಚಿತ್ರಗಳನ್ನು ಕಾನೂನಿನ ಹೆಸರಿನಲ್ಲೇ ಕಿತ್ತುಕೊಂಡರಲ್ಲ, ಅದಕ್ಕೆ ಫ್ರೆಂಚರು ಇವತ್ತಿಗೂ ‘ಸ್ಪೊಲಿಯಾಸಿಯೋಂ’ ಎಂದೇ ಹೇಳುತ್ತಾರೆ. ಗುಂಪು ನುಗ್ಗಿ ದೋಚಿದರೆ ಪಿಯಾಝ್. ಕಾಗದ, ಮೊಹರು ತೋರಿಸಿ ಕಿತ್ತುಕೊಂಡರೆ ಪಿಯಾಝ್ ಸಾಲದು.

ಇನ್ನು ಕೊಳ್ಳೆ. ಇದು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ಕೊಳ್ಳೈ, ನಮ್ಮ ನೆರೆಮನೆಯ ಮಲಯಾಳದಲ್ಲಿ ಕೊಳ್ಳ. ಮೂಲದಲ್ಲಿ ಕೊಳ್ ಅಂದರೆ ತೆಗೆದುಕೋ. ದುಡ್ಡು ಕೊಟ್ಟು ಕೊಳ್ಳುವುದೂ, ಕೊಡದೆ ಕೊಳ್ಳೆ ಹೊಡೆಯುವುದೂ ಒಂದೇ ಬೇರಿನಿಂದ ಬಂದವು. ಹಳಗನ್ನಡದ ವೀರಗಲ್ಲುಗಳಲ್ಲಿ ‘ತುರುಗೊಳ್’ ಅಂತ ಬರುತ್ತದೆ. ತುರು ಅಂದರೆ ದನ. ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಅದೇ. ಹಾಗಾಗಿ ಇಲ್ಲಿಗೆ ಪಿಯಾಝ್‌ಗಿಂತ ‘ರಾಝಿಯಾ’ ಚೆನ್ನಾಗಿ ಹೊಂದುತ್ತದೆ. ಅದು ಅರಬ್ಬೀ ಪದ, ದಂಡು ಕಟ್ಟಿ ಹೋಗಿ ಒಂಟೆ, ಕುರಿ ಹೊಡೆದು ತರುವ ದಾಳಿಗೆ ಸಲ್ಲುತ್ತಿತ್ತು. 1830ರಲ್ಲಿ ಫ್ರೆಂಚರು ಅಲ್ಜೀರಿಯಾಕ್ಕೆ ನುಗ್ಗಿದ ಮೇಲೆ ಅವರ ಭಾಷೆಗೆ ಬಂತು. ಅಲ್ಲಿಯ ಹಳ್ಳಿಗಳ ದನ, ಧಾನ್ಯವನ್ನು ಅವರ ಸೇನೆಯೇ ಹಾಗೆ ಹೊತ್ತೊಯ್ಯುತ್ತಿತ್ತು. ಆ ಕಹಿ ಈ ಪದಕ್ಕೆ ಅಂಟಿಕೊಂಡಿದೆ, ಮಗಳಿಗೆ ಗೊತ್ತಿರಲಿ. ಆದರೂ ದನಗಳ ವಿಷಯಕ್ಕೆ ಅದೇ ಸರಿ. ಕ್ರಿಯಾಪದ ಬೇಕಿದ್ದರೆ ‘ರಾಝಿಯೇ’.

ಕೊನೆಗೆ ಸೂರೆ. ತಮಿಳಿನಲ್ಲಿ ಸೂರೈ ಅಂದರೆ ದೋಚುವುದೂ ಹೌದು, ಸುಂಟರಗಾಳಿಯೂ ಹೌದು. ಊರನ್ನು ಸೂರೆ ಮಾಡಿದರು ಎಂದಿದ್ದರೆ ಪಿಯೇ ಸಾಕಿತ್ತು. ಮನಸೂರೆಗೆ ಮಾತ್ರ ಫ್ರೆಂಚಿನಲ್ಲಿ ಹೇಳಿ ಮಾಡಿಸಿದಂಥ ಪದ ಇದೆ, ‘ರಾವೀರ್’. ಬಲವಂತವಾಗಿ ಎತ್ತಿಕೊಂಡು ಹೋಗುವುದು ಅದರ ಹಳೆಯ ಅರ್ಥ. ಮನಸ್ಸಿಗೆ ಭಾರೀ ಖುಷಿ ಕೊಡುವುದು ಇನ್ನೊಂದು ಅರ್ಥ. ಹೊಸಬರನ್ನು ಕಂಡಾಗ ‘ರಾವಿ’ ಅನ್ನುತ್ತಾರಲ್ಲ, ನಿಮ್ಮನ್ನು ನೋಡಿ ಸಂತೋಷವಾಯಿತು ಅಂತ, ಅದೂ ಇದೇ. ಮಗಳ ಮೂರನೇ ವಾಕ್ಯ ಹೀಗಿರಲಿ: ‘ಲ ಸ್ಪೆಕ್ತಾಕ್ಲ್ ಆ ರಾವಿ ಲ ಪ್ಯುಬ್ಲಿಕ್.’

ಬರೆದು ಮುಗಿದ ಮೇಲೆ ಅವಳ ಕನ್ನಡ ಪುಟವನ್ನು ನಮಗೂ ಕಳಿಸಿಕೊಡಿ. ಚೌಕಿಯ ಲೂಟಿಯ ಭಾಗವನ್ನು ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇವೆ.

— ಸಂಪಾದಕ