ವಿಡಿಯೋ ಗೇಮಿನಂತೆ ನಾಯಕನ ಲೆವೆಲ್ ಏರುವ ಫ್ಯಾಂಟಸಿ ಕಾದಂಬರಿಗಳಲ್ಲಿ, ಅವನ ಸಾಮರ್ಥ್ಯ ತೋರಿಸಲು ಬರುವ ಅಂಕಿಪಟ್ಟಿಗಳನ್ನೆಲ್ಲ ಓದಲೇಬೇಕೇ?

ಬೇಕಿಲ್ಲ. ನಾಯಕ ಬೇರೆ ಲೋಕಕ್ಕೆ ಬಂದು ಬಿದ್ದ ಮೇಲೆ ಕಾಣಿಸುವ ಮೊದಲ ಪಟ್ಟಿಯನ್ನು ಮಾತ್ರ ನಿಧಾನವಾಗಿ ಓದಿ: ಶಕ್ತಿ, ಚುರುಕು, ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ), ಕೌಶಲಗಳು. ಕಥೆಯ ನಿಯಮಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಆಮೇಲಿನ ಪಟ್ಟಿಗಳಲ್ಲಿ ಹೊಸದಾಗಿ ಸೇರಿದ ಸಾಲನ್ನಷ್ಟೇ ನೋಡಿದರೆ ಸಾಕು. ‘ಬೆಂಕಿ ನಿರೋಧ, ಲೆವೆಲ್ 1’ ಅಂತ ಬಂದರೆ ಗಮನದಲ್ಲಿಡಿ, ಮುಂದೆ ಬೆಂಕಿ ಉಗುಳುವ ಡ್ರ್ಯಾಗನ್ ಎದುರಾದಾಗ ಅದೇ ಕೆಲಸಕ್ಕೆ ಬರಬಹುದು. ಶಕ್ತಿ 14ರಿಂದ 16ಕ್ಕೆ ಏರಿದ್ದನ್ನು ಮರೆತರೂ ನಷ್ಟವಿಲ್ಲ.

ಇಂಥ ಎಷ್ಟೋ ಕಥೆಗಳು ಮೊದಲು ಆನ್‌ಲೈನ್‌ನಲ್ಲಿ ಕಂತುಕಂತಾಗಿ ಬಂದಂಥವು. ಬಿಡುವು ಕೊಟ್ಟು ಓದುವವರಿಗೆ ನೆನಪಿರಲಿ ಎಂದು ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಒಂದೇ ಸಮನೆ ಓದಿದರೆ ಬೇಸರವಾಗುವುದು ಅದಕ್ಕೇ. ಆಡಿಯೋದಲ್ಲಿ ಇನ್ನೂ ಕಷ್ಟ, ಪಟ್ಟಿ ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ಪಟ್ಟಿ ಹೆಚ್ಚಿರುವ ಸರಣಿಯನ್ನು ಕಣ್ಣಲ್ಲೇ ಓದಿ. ಸಂಗಾತಿಗಳ ಹರಟೆ, ತಮಾಷೆ ಮಾತ್ರ ಒಂದು ಸಾಲೂ ಬಿಡಬೇಡಿ. ಈ ಕಾದಂಬರಿಗಳ ನಿಜವಾದ ಸೊಗಸು ಅದೇ.