ತಲೆ ಕೆಳಗಾಗುವ ಅವಸರ ಯಾಕೆ?

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಬಿಪಿಗೆ ಮಾತ್ರೆ ನುಂಗುತ್ತಿದ್ದೇನೆ. ಫೋನ್‌ನಲ್ಲಿ ವಿಡಿಯೋ ನೋಡಿ ಯೋಗ ಶುರು ಮಾಡಿದ್ದೇನೆ. ಕಪಾಲಭಾತಿ (ಬುಸುಬುಸು ಅಂತ ರಭಸವಾಗಿ ಉಸಿರು ಹೊರಹಾಕುವುದು) ಮಾಡಿದರೆ ತಲೆ ಸುತ್ತುತ್ತದೆ. ದೀಪಾವಳಿಯೊಳಗೆ ಶೀರ್ಷಾಸನ ಕಲಿಯುವ ಆಸೆ ಇದೆ. ಸಾಂಪ್ರದಾಯಿಕ ಹಠಯೋಗ ಅಂದರೆ ಇದೇ ಅಲ್ವಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಕಪಾಲಭಾತಿ ನಿಲ್ಲಿಸಿ. ತಲೆ ಸುತ್ತುವ ವಿಷಯ ನಿಮ್ಮ ಡಾಕ್ಟರಿಗೆ ಹೇಳಿ. ಮಾತ್ರೆ ಬಿಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ನೀವಾಗಿಯೇ ಬಿಡಬೇಡಿ. ಶೀರ್ಷಾಸನವೂ ಬೇಡ. ಬಿಪಿ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಕುತ್ತಿಗೆಯ ತೊಂದರೆ ಇರುವವರಿಗೆ ಅದನ್ನು ನಾನು ಹೇಳಿಕೊಡುವುದಿಲ್ಲ.

ಇನ್ನು ಸಾಂಪ್ರದಾಯಿಕದ ವಿಷಯ. ಸ್ವಾತ್ಮಾರಾಮರು ಬರೆದ ಹಠಯೋಗ ಪ್ರದೀಪಿಕೆ ಅನ್ನುವ ಗ್ರಂಥ ಸುಮಾರು 15ನೇ ಶತಮಾನದ್ದು. ಅದರಲ್ಲಿ ವಿವರಿಸಿರುವ ಆಸನಗಳು ಬರೀ 15. ಪದ್ಮ, ಸಿದ್ಧ, ಭದ್ರ ಅಂತ ಹೆಚ್ಚಿನವು ಕೂತು ಮಾಡುವಂಥವೇ. ಸುಮ್ನೆ ಮಲಗುವ ಶವಾಸನಕ್ಕೂ ಅಲ್ಲಿ ಜಾಗ ಇದೆ. ತಲೆ ಕೆಳಗೆ, ಕಾಲು ಮೇಲೆ ಮಾಡುವುದು ಬರುವುದು ಮುದ್ರೆಗಳ ಅಧ್ಯಾಯದಲ್ಲಿ, ವಿಪರೀತಕರಣಿ ಅನ್ನುವ ಹೆಸರಲ್ಲಿ. ಅದಕ್ಕೂ ಮೊದಲ ದಿನ ಒಂದು ಕ್ಷಣ ಸಾಕು, ಆಮೇಲೆ ದಿನದಿನಕ್ಕೆ ಸ್ವಲ್ಪ ಜಾಸ್ತಿ ಮಾಡಿ ಅಂತಾರೆ. ದೀಪಾವಳಿ ಗಡುವು ಅವರಿಗೆ ಗೊತ್ತಿರಲಿಲ್ಲ, ಪಾಪ!

ಕಪಾಲಭಾತಿಯೂ ಅಷ್ಟೇ. ಆ ಗ್ರಂಥ ಅದನ್ನು ಪ್ರಾಣಾಯಾಮಕ್ಕೆ ಸೇರಿಸಿಲ್ಲ. ಮೈ ಶುದ್ಧಿ ಮಾಡುವ ಆರು ಕ್ರಿಯೆಗಳಲ್ಲಿ ಅದೊಂದು. ಕೊಬ್ಬು, ಕಫ ಜಾಸ್ತಿ ಇರುವವರು ಮೊದಲು ಅವನ್ನು ಮಾಡಲಿ, ಉಳಿದವರಿಗೆ ಬೇಡ ಅಂತ ಅಲ್ಲೇ ಹೇಳಿದೆ. ಈಗ ನೋಡಿದರೆ ಊರಿಗೆಲ್ಲ ಒಂದೇ ಮದ್ದು ಅನ್ನುವ ಹಾಗೆ ಎಲ್ಲರೂ ಬುಸುಬುಸು ಅಂತಿದ್ದಾರೆ.

ನೀವು ಹೀಗೆ ಶುರು ಮಾಡಿ. ಚಾಪೆಯ ಮೇಲೆ ಅಂಗಾತ ಮಲಗಿ. ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಒಂದು ಕೈ ಹೊಕ್ಕುಳಿನ ಮೇಲಿರಲಿ. ಉಸಿರು ಒಳಗೆ ಬಂದಾಗ ಆ ಕೈ ಮೇಲೇಳಬೇಕು, ಹೊರಗೆ ಹೋದಾಗ ಇಳಿಯಬೇಕು. ನನ್ನ ತರಗತಿಗೆ ಹೊಸದಾಗಿ ಬರುವವರಲ್ಲಿ ಅನೇಕರು ಉಲ್ಟಾ ಮಾಡುತ್ತಾರೆ: ಉಸಿರೆಳೆಯುವಾಗ ಹೊಟ್ಟೆ ಒಳಗೆ, ಭುಜ ಕಿವಿಯ ಹತ್ತಿರ. ಫೋಟೊಗೆ ನಿಂತು ನಿಂತು ಹೊಟ್ಟೆ ಎಳೆದುಕೊಳ್ಳುವುದೇ ಅಭ್ಯಾಸ ಆಗಿರಬೇಕು. ಇದು ಸರಿಹೋದ ಮೇಲೆ ಮೂರು ಎಣಿಸುತ್ತಾ ಒಳಗೆ, ಐದು ಎಣಿಸುತ್ತಾ ಹೊರಗೆ. ನಡುವೆ ಉಸಿರು ಹಿಡಿಯಬೇಡಿ. ಐದು ಕಷ್ಟವಾದರೆ ನಾಲ್ಕೇ ಸಾಕು. ಮನಸ್ಸಿನ ನೆಮ್ಮದಿಗೆ ಬೇರೆ ಏನಾದರೂ ಇದೆಯಾ ಅಂತ ಹುಡುಕಬೇಡಿ, ಸದ್ಯಕ್ಕೆ ಇದೇ ಅದು.

ಆಸನಗಳನ್ನು ಒಬ್ಬರ ಎದುರಲ್ಲೇ ಕಲಿಯಿರಿ. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಪಾಠ ಹೇಳಿದವರು ಟಿ. ಕೃಷ್ಣಮಾಚಾರ್ಯರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ. ಅಯ್ಯಂಗಾರ್ ಕುರ್ಚಿ, ಬೆಲ್ಟು, ಮರದ ದಿಮ್ಮಿ ಕೊಟ್ಟು ನಿಧಾನವಾಗಿ ನಿಲ್ಲಿಸಿದರು. ಜೋಯಿಸ್ ಉಸಿರಿನ ಲೆಕ್ಕದಲ್ಲಿ ಒಂದರ ಹಿಂದೊಂದು ಆಸನ ಮಾಡಿಸಿದರು. ನಿಮಗೆ ಮೊದಲನೆಯ ದಾರಿ ಹತ್ತಿರವಾದೀತು ಅಂತ ನನ್ನ ಅನಿಸಿಕೆ. ಯಾರ ಹತ್ತಿರ ಹೋದರೂ ಒಂದು ಗಮನಿಸಿ. ಫೀಸು ಹೇಳುವ ಮೊದಲು ನಿಮ್ಮ ಕಾಯಿಲೆ, ಮಾತ್ರೆ ಬಗ್ಗೆ ಕೇಳಿದರಾ? ಕೇಳದಿದ್ದರೆ ಬೇರೆ ಕಡೆ ನೋಡಿ.

ಪ್ರಶ್ನೆ: ಬೆಳಿಗ್ಗೆ ಎದ್ದರೆ ಸೀನು, ಕಟ್ಟಿದ ಮೂಗು. ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮನೆಯಲ್ಲೇ ಮಾಡಬಹುದಾ?
– ಓದುಗರು, ಸಾಗರ

ಉತ್ತರ: ಒಮ್ಮೆ ಯಾರಾದರೂ ತೋರಿಸಿಕೊಟ್ಟ ಮೇಲೆ ಮಾಡಬಹುದು. ಕಿವಿನೋವು ಇದ್ದರೆ, ಮೂಗಿನಲ್ಲಿ ರಕ್ತ ಬರುತ್ತಿದ್ದರೆ ಬೇಡ. ಬಾವಿ ನೀರು, ನಲ್ಲಿ ನೀರು ಹಾಗೇ ಹಾಕಬೇಡಿ. ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿ. ಅರ್ಧ ಲೀಟರಿಗೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ ಉಪ್ಪು. ಉಪ್ಪು ಕಮ್ಮಿಯಾದರೂ ಉರಿ, ಜಾಸ್ತಿಯಾದರೂ ಉರಿ. ತಲೆ ಓರೆ ಮಾಡಿ ಬಾಯಲ್ಲಿ ಉಸಿರಾಡುತ್ತಿದ್ದರೆ ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ತಾನೇ ಇಳಿಯುತ್ತದೆ. ಮುಗಿದ ಮೇಲೆ ಮುಂದೆ ಬಾಗಿ, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಉಸಿರು ಬಿಡಿ. ಮೂಗು ಹಿಡಿದು ಜೋರಾಗಿ ಸೀತರೆ ನೀರು ಕಿವಿಯ ಕಡೆ ನುಗ್ಗುತ್ತದೆ. ನೇತಿ ಪಾತ್ರೆಯನ್ನು ತೊಳೆದು ಒಣಗಿಸಿಡಿ. ಮನೆಯಲ್ಲಿ ಇನ್ನೊಬ್ಬರೂ ಮಾಡುವುದಾದರೆ ಅವರಿಗೆ ಬೇರೆ ಪಾತ್ರೆ.