ಭಾಸ್ಕರ ಒಬ್ಬನೇ, ಇಬ್ಬರೇ?

ಪ್ರಶ್ನೆ: ಗಣಿತಜ್ಞ ಭಾಸ್ಕರ 7ನೇ ಶತಮಾನದವನೆಂದು ಒಂದು ಪುಸ್ತಕ, 12ನೆಯದೆಂದು ಇನ್ನೊಂದು. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಿ, ಏಕೆಂದರೆ ಇವರು ಇಬ್ಬರು. ‘ಒಂದನೆಯ’, ‘ಎರಡನೆಯ’ ಎಂಬುದು ನಂತರದ ಇತಿಹಾಸಕಾರರು ಸೇರಿಸಿದ್ದು. ರಾಜರ ಹಾಗೆ ವಂಶದ ಕ್ರಮವಲ್ಲ. ಕೃತಿಯ ಹೆಸರು ನೋಡಿದರೆ ಗೊಂದಲ ತೀರುತ್ತದೆ. ‘ಮಹಾಭಾಸ್ಕರೀಯ’, ಆರ್ಯಭಟೀಯದ ಭಾಷ್ಯ (629) ಎಂದಿದ್ದರೆ ಮೊದಲನೆಯವನು. ‘ಲೀಲಾವತಿ’, ‘ಸಿದ್ಧಾಂತ ಶಿರೋಮಣಿ’ ಎಂದಿದ್ದರೆ ಎರಡನೆಯವನು.

ಮೊದಲನೆಯವನಿಗೆ ಸಲ್ಲಬೇಕಾದ ಹೆಸರು ಸಂದಿಲ್ಲ ಎಂಬುದು ನಮ್ಮ ಬೇಸರ. ಕೋಷ್ಟಕವಿಲ್ಲದೆ ಸೈನ್ (ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ ಬಾಹುವನ್ನು ಕರ್ಣದಿಂದ ಭಾಗಿಸಿದಾಗ ಸಿಗುವ ಸಂಖ್ಯೆ) ಬೆಲೆ ಕಂಡುಹಿಡಿಯುವ ಅವನ ಸೂತ್ರ ನೋಡಿ. ಕೋನ 30 ಡಿಗ್ರಿ ಎನ್ನಿ. 180ರಲ್ಲಿ 30 ಕಳೆದರೆ 150. ಅದನ್ನು 30ರಿಂದ ಗುಣಿಸಿದರೆ 4500. ಇದರ ನಾಲ್ಕು ಪಟ್ಟು 18000. ಇದನ್ನು, ಸೂತ್ರದಲ್ಲಿರುವ ಸ್ಥಿರ ಸಂಖ್ಯೆ 40500ರಲ್ಲಿ 4500 ಕಳೆದುಳಿದ 36000ದಿಂದ ಭಾಗಿಸಿ: ಕರಾರುವಾಕ್ಕಾಗಿ 0.5! 45 ಡಿಗ್ರಿಗೆ 0.7059 ಸಿಗುತ್ತದೆ, ನಿಜ ಬೆಲೆ 0.7071.

ಇಸವಿಯಲ್ಲೂ ಎಡವುವುದುಂಟು. ಎರಡನೆಯ ಭಾಸ್ಕರ ತಾನು ಹುಟ್ಟಿದ್ದು ಶಕ 1036ರಲ್ಲಿ ಎಂದಿದ್ದಾನೆ. ಇದು ಶಕ ವರ್ಷ; ಅದಕ್ಕೆ 78 ಕೂಡಿಸಿ, ಕ್ರಿ.ಶ. 1114 ಎಂದು ಓದಬೇಕು. ಇನ್ನು ‘ಜೀವಂಧರ ಚರಿತೆ’ ಎಂಬ ಕನ್ನಡ ಕಾವ್ಯದ ಭಾಸ್ಕರಕವಿ ಇವರಿಬ್ಬರೂ ಅಲ್ಲ.